ಇಬಾದಾನ್‌ನಿಂದ ಲೋಮೆಗೆ ಮರಗೆಣಸಿನ ರಸ್ಕ್: ನನ್ನ ಅನುಭವ

ನೈಜೀರಿಯಾದ ಇಬಾದಾನ್ ನಗರದ ಅಂಚಿನಲ್ಲಿರುವ ನಮ್ಮ ಬೇಕರಿಯಿಂದ ಶೇ. 20ರಷ್ಟು ಮರಗೆಣಸಿನ ಹಿಟ್ಟು ಬೆರೆಸಿದ ಬ್ರೆಡ್ ಈಗ ದಿನವೂ ಊರಿನ ಅಂಗಡಿಗಳಿಗೆ ಹೋಗುತ್ತದೆ. ಶೇ. 40ರಷ್ಟು ಬೆರೆಸಿದ ರಸ್ಕ್ ಬೆನಿನ್ ದೇಶದ ಕೊಟೊನುವಿಗೂ ಟೋಗೋ ದೇಶದ ಲೋಮೆಗೂ ಲಾರಿಯಲ್ಲಿ ಹೋಗುತ್ತದೆ. ಇದು ಆಗುವ ಕೆಲಸವಲ್ಲ ಎಂದು ಇಲ್ಲಿಯ ಗಿರಣಿಯವರು ಹೇಳಿದ್ದರು, ಬೇಕರಿ ನಡೆಸುವ ಹಿರಿಯರು ಹೇಳಿದ್ದರು, ಹಾಸನದ ಕಡೆಯಿಂದ ಹೋಗಿ ಬೆಂಗಳೂರಿನಲ್ಲಿ ಬೇಕರಿ ಹಾಕಿರುವ ನನ್ನ ನೆಂಟರೂ ಹೇಳಿದ್ದರು. ಅವರಲ್ಲೇ ಕೆಲವರು ಈಗ ವಿಧಾನ ಕೇಳುತ್ತಿರುವುದರಿಂದ, ಓವನ್ ಮುಂದೆ ನಿಂತು ಕೆಲಸ ಮಾಡಿದವರಿಗೆ ಉಪಯೋಗವಾಗುವಷ್ಟನ್ನು ಬರೆಯುತ್ತಿದ್ದೇನೆ. ಲೆಕ್ಕಗಳೆಲ್ಲ ನೆನಪಿನಿಂದ ಹೇಳಿದ ಅಂದಾಜುಗಳು.

ಅವರ ಸಂಶಯಕ್ಕೆ ಆಧಾರವಿತ್ತು. ನೈಜೀರಿಯಾ ಜಗತ್ತಿನಲ್ಲೇ ಅತಿ ಹೆಚ್ಚು ಮರಗೆಣಸು ಬೆಳೆಯುವ ದೇಶ. ವರ್ಷಕ್ಕೆ ಸುಮಾರು 6 ಕೋಟಿ ಟನ್. ಆದರೆ ಬ್ರೆಡ್ಡಿಗೆ ಬೇಕಾದ ಗೋಧಿಯಲ್ಲಿ ಬಹುಪಾಲು ಹೊರದೇಶದಿಂದ ಹಡಗಿನಲ್ಲಿ ಬರಬೇಕು. ಹಿಂದೆ ಅಧ್ಯಕ್ಷರಾಗಿದ್ದ ಒಬಾಸಾಂಜೊ ಅವರ ಸರ್ಕಾರವು ಮೈದಾದಲ್ಲಿ ಶೇ. 10ರಷ್ಟು ಮರಗೆಣಸಿನ ಹಿಟ್ಟು ಇರಬೇಕೆಂದು ಹೇಳಿತು. 2012ರ ಹೊತ್ತಿಗೆ ಗುಡ್‌ಲಕ್ ಜೊನಾಥನ್ ಅವರ ಸರ್ಕಾರದಲ್ಲಿ ಕೃಷಿ ಸಚಿವರಾಗಿದ್ದ ಅಕಿನ್ವುಮಿ ಅಡೆಸಿನಾ ಶೇ. 40ರ ಗುರಿ ಇಟ್ಟರು, ಆಮದು ಗೋಧಿಯ ಮೇಲೆ ಹೆಚ್ಚುವರಿ ಸುಂಕ ಬಂತು, ಬೇಕರಿಗಳಿಗೆ ತೆರಿಗೆ ರಿಯಾಯಿತಿಯ ಭರವಸೆಯೂ ಬಂತು. ಆ ಉತ್ಸಾಹದಲ್ಲಿ ಮಿಶ್ರಹಿಟ್ಟು ಕೊಂಡು ಕೈಸುಟ್ಟುಕೊಂಡವರು ನಮ್ಮ ಬೀದಿಯಲ್ಲೇ ಇದ್ದರು: ಒಂದು ಚೀಲ ಚೆನ್ನಾಗಿ ಉಬ್ಬಿದರೆ ಇನ್ನೊಂದು ಚೀಲ ಕುಸಿಯುತ್ತಿತ್ತು, ಮೂರನೆಯದು ಹುಳಿ ವಾಸನೆ ಹೊಡೆಯುತ್ತಿತ್ತು. ನಾನು ಇಲ್ಲಿಗೆ ಬಂದದ್ದು ಆ ಅಲೆ ಇಳಿದ ಮೇಲೆ. ಮೈಸೂರಿನ ಆಹಾರ ತಂತ್ರಜ್ಞಾನ ಸಂಶೋಧನಾ ಸಂಸ್ಥೆಯಾದ ಸಿಎಫ್‌ಟಿಆರ್‌ಐ ಆವರಣದಲ್ಲಿ ಗಿರಣಿ ತಂತ್ರಜ್ಞಾನ ಕಲಿತವನಾದ್ದರಿಂದ ನನ್ನ ಕಣ್ಣು ಮೊದಲು ಹೋದದ್ದು ಓವನ್ ಕಡೆಗಲ್ಲ, ಹಿಟ್ಟಿನ ಕಡೆಗೆ. ಈ ಬ್ರೆಡ್ಡಿನ ಹಣೆಬರಹ ಬೇಕರಿಯಲ್ಲಿ ನಿರ್ಧಾರವಾಗುವುದಿಲ್ಲ, ಗೆಡ್ಡೆ ಕಿತ್ತ ಮೊದಲ ದಿನವೇ ನಿರ್ಧಾರವಾಗುತ್ತದೆ ಎಂಬುದನ್ನು ನಾನು ಆಗಲೇ ಹೇಳಿದ್ದೆ, ಈಗಲೂ ಹೇಳುತ್ತೇನೆ.

ಗೆಡ್ಡೆ ನೆಲದಿಂದ ಹೊರಬಂದ ಎರಡು ಮೂರು ದಿನಗಳಲ್ಲಿ ಒಳಗೆ ನೀಲಿ ಕಪ್ಪು ಗೆರೆಗಳು ಮೂಡುತ್ತವೆ. ಬ್ರೆಡ್ಡಿನ ಹಿಟ್ಟಿಗೆ ಅಷ್ಟು ಹೊತ್ತು ಕಾಯುವಂತೆಯೂ ಇಲ್ಲ. ಸಿಪ್ಪೆ ತೆಗೆದು, ತೊಳೆದು, ತುರಿದು, ಹಿಂಡಿ, ಒಣಗಿಸುವ ಇಡೀ ಕೆಲಸ 24 ಗಂಟೆಯೊಳಗೆ ಮುಗಿಯಬೇಕು. ತಡವಾದರೆ ತುರಿ ಹುದುಗುತ್ತದೆ. ಇಲ್ಲಿಯ ಹೆಂಗಸರು ತಲೆಮಾರುಗಳಿಂದ ಗಾರಿ, ಅಂದರೆ ಮರಗೆಣಸಿನ ತುರಿಯನ್ನು ಹುದುಗಿಸಿ ಹುರಿದ ರವೆ, ಮಾಡಿದವರು. ಗಾರಿಗೆ ಹುಳಿಯೇ ರುಚಿ, ಆದ್ದರಿಂದ ತುರಿಯನ್ನು ಚೀಲದಲ್ಲಿ ಕಟ್ಟಿ ಮೇಲೆ ಭಾರವಿಟ್ಟು ದಿನಗಟ್ಟಲೆ ಬಿಡುವುದೇ ಅವರ ಕೈಗೆ ಒಗ್ಗಿದ ಪದ್ಧತಿ. ಬ್ರೆಡ್ಡಿಗೆ ಅದು ಬೇಡವೆಂದು ಮಾತಿನಲ್ಲಿ ಒಪ್ಪಿಸುವುದು ಸಾಧ್ಯವಾಗಲಿಲ್ಲ. ಕೊನೆಗೆ ಹುಳಿ ಹೆಚ್ಚಿದಷ್ಟೂ ಕಡಿಮೆ ಅಂಕ ತೋರಿಸುವ ಪಿಎಚ್ ಕಾಗದದ ಪಟ್ಟಿ ಕೊಟ್ಟು ದರವನ್ನು ಅದಕ್ಕೆ ಜೋಡಿಸಿದೆ: ಹಿಟ್ಟನ್ನು ನೀರಿನಲ್ಲಿ ಕದಡಿ ಅದ್ದಿದ ಪಟ್ಟಿ 6ರ ಮೇಲೆ ತೋರಿಸಿದರೆ ಪೂರ್ತಿ ದರ, 5.5ರವರೆಗೆ ಇಳಿದರೆ ಕಡಿತ, ಅದಕ್ಕೂ ಕೆಳಗಿದ್ದರೆ ವಾಪಸ್ಸು. ಒಂದು ಋತು ಕಳೆಯುವಷ್ಟರಲ್ಲಿ ನಾನು ನೋಡುವ ಮೊದಲೇ ಅವರೇ ಪಟ್ಟಿ ಅದ್ದಿ ನೋಡತೊಡಗಿದರು. ಯಂತ್ರಕ್ಕೆ ಹಾಕಿದ ದುಡ್ಡಿಗಿಂತ ಈ ಕಾಗದದ ಪಟ್ಟಿಗೆ ಹಾಕಿದ ದುಡ್ಡು ನನಗೆ ಹೆಚ್ಚು ತಂದುಕೊಟ್ಟಿದೆ.

ಗೆಡ್ಡೆಯ ವಯಸ್ಸನ್ನೂ ಬಿಗಿಯಾಗಿ ನೋಡುತ್ತೇನೆ. 10ರಿಂದ 12 ತಿಂಗಳ ಗೆಡ್ಡೆ ಒಳ್ಳೆಯದು. ಅದಕ್ಕಿಂತ ಬಲಿತರೆ ನಾರು ಹೆಚ್ಚಾಗಿ ಜರಡಿಯಲ್ಲೇ ಲಾಭ ಉಳಿದುಬಿಡುತ್ತದೆ. ಬೇಸಿಗೆಯಲ್ಲಿ ನಾಲ್ಕು ಟನ್ ಗೆಡ್ಡೆಗೆ ಒಂದು ಟನ್ ಹಿಟ್ಟು ಬಂದರೆ, ಮಳೆ ಹಿಡಿದ ಮೇಲೆ ಐದು ಟನ್ ಬೇಕಾಗುತ್ತದೆ, ಏಕೆಂದರೆ ಹೊಸ ಚಿಗುರಿಗೆ ಗೆಡ್ಡೆಯೊಳಗಿನ ಪಿಷ್ಟವೇ ಖರ್ಚಾಗುತ್ತದೆ. ಗೆಡ್ಡೆಯ ಬೆಲೆಯನ್ನು ವರ್ಷವಿಡೀ ಒಂದೇ ಎಂದು ಲೆಕ್ಕ ಹಾಕಿದವರು ಈ ಒಂದು ಟನ್ ವ್ಯತ್ಯಾಸದಲ್ಲೇ ಸೋಲುತ್ತಾರೆ.

ದುಡ್ಡಿನ ವಿಷಯದಲ್ಲಿ ನಮಗೆ ಬಿದ್ದ ದೊಡ್ಡ ಪೆಟ್ಟು ಒಣಗಿಸುವ ಯಂತ್ರದ್ದು. ಬಿಸಿಗಾಳಿಯಲ್ಲಿ ಕ್ಷಣಗಳಲ್ಲಿ ಒಣಗಿಸುವ ಫ್ಲಾಶ್ ಡ್ರೈಯರ್ ತಂದದ್ದು ಡೀಸೆಲ್ ಬರ್ನರ್ ಇದ್ದದ್ದು. 2018ರ ಸುಮಾರಿಗೆ 50 ಕಿಲೋ ಮೈದಾ ಚೀಲ ಹತ್ತು ಹನ್ನೊಂದು ಸಾವಿರ ನೈರಾ ಇದ್ದಾಗ, ನಮ್ಮ ಹಿಟ್ಟು ಅದಕ್ಕಿಂತ ಕಾಲುಭಾಗ ಅಗ್ಗವಾಗಿ ಬೀಳುತ್ತಿತ್ತು. 2022ರಲ್ಲಿ ಉಕ್ರೇನ್ ಯುದ್ಧದಿಂದ ಗೋಧಿ ಏರಿ ಮೈದಾ ಚೀಲ ದುಪ್ಪಟ್ಟು ದಾಟಿತು, ನಮಗೆ ಸುಗ್ಗಿಯಾಗಬೇಕಿತ್ತು. ಆದರೆ ಅದೇ ವರ್ಷ ಡೀಸೆಲ್ ಲೀಟರಿಗೆ ಮುನ್ನೂರರ ಆಸುಪಾಸಿನಿಂದ ಏಳೆಂಟುನೂರಕ್ಕೆ ಹೋಯಿತು. ಹಿಟ್ಟು ಒಣಗಿಸುವ ಖರ್ಚು ಗೆಡ್ಡೆಯ ಬೆಲೆಯನ್ನೇ ಮೀರಿತು, ಕೆಲವು ತಿಂಗಳು ಯಂತ್ರ ನಿಂತಿತು, ಪಾಲುದಾರರಲ್ಲಿ ಒಬ್ಬರು ತಮ್ಮ ಪಾಲನ್ನು ಹಿಂತೆಗೆದುಕೊಂಡರು. ನಾವು ಬರ್ನರ್ ಕಿತ್ತು ಎಣ್ಣೆತಾಳೆಯ ಬೀಜದ ಚಿಪ್ಪು ಉರಿಸುವ ಒಲೆ ಕಟ್ಟಿಸಿದೆವು. ಎಣ್ಣೆ ತೆಗೆದ ಮೇಲೆ ಉಳಿಯುವ ಈ ಚಿಪ್ಪು ಇಲ್ಲಿ ರಾಶಿ ರಾಶಿ ಸಿಗುತ್ತದೆ, ಕಾವು ಚೆನ್ನಾಗಿದೆ, ಆದರೆ ಹೊಗೆ ನೇರವಾಗಿ ಹಿಟ್ಟಿಗೆ ತಾಗಿದರೆ ಇಡೀ ಬ್ರೆಡ್ ಹೊಗೆ ವಾಸನೆ ಹಿಡಿಯುತ್ತದೆ. ಬಿಸಿಯನ್ನು ಮಾತ್ರ ದಾಟಿಸುವ ಕೊಳವೆಗಳ ಜೋಡಣೆ ಕಡ್ಡಾಯ. ಆ ಕೊಳವೆಗಳ ಅಳತೆಯನ್ನು ಸ್ಥಳೀಯ ವೆಲ್ಡರ್ ಒಬ್ಬರೂ ನಾನೂ ಸೇರಿ ಕಂಡುಕೊಂಡೆವು, ಅದನ್ನು ಇಲ್ಲಿ ಬರೆಯುವುದಿಲ್ಲ. ಒಣಗಿಸುವ ಇಂಧನದ ಖರ್ಚು ಮೂರನೇ ಒಂದು ಭಾಗಕ್ಕಿಂತ ಕೆಳಗಿಳಿಯಿತು ಎಂಬುದನ್ನಂತೂ ಹೆಮ್ಮೆಯಿಂದ ಹೇಳಬಲ್ಲೆ.

ಕಲಸುವ ವಿಷಯಕ್ಕೆ ಬಂದರೆ, ಗೋಧಿ ಹಿಟ್ಟನ್ನು ಜಿಗುಟಾಗಿಸಿ ಉಬ್ಬಿಸಿ ನಿಲ್ಲಿಸುವ ಗ್ಲುಟೆನ್ ಎಂಬ ಪ್ರೋಟೀನ್ ಮರಗೆಣಸಿನಲ್ಲಿ ಇಲ್ಲವೆಂಬುದು ಎಲ್ಲರಿಗೂ ಗೊತ್ತು. ಆದ್ದರಿಂದ ಎಲ್ಲರೂ ಹಿಟ್ಟಿಗೆ ಬಲ ಕೊಡುವ ಇಂಪ್ರೂವರ್ ಎಂಬ ಪುಡಿಗಳನ್ನು ಹೆಚ್ಚಿಸುವ ದಾರಿ ಹಿಡಿಯುತ್ತಾರೆ. ಪೊಟ್ಯಾಸಿಯಂ ಬ್ರೋಮೇಟ್ ಇಲ್ಲಿ ನಿಷಿದ್ಧ, ಆಸ್ಕಾರ್ಬಿಕ್ ಆಮ್ಲ ಒಂದು ಮಿತಿಯ ಆಚೆ ಪ್ರಯೋಜನಕ್ಕೆ ಬರುವುದಿಲ್ಲ, ಹೊರಗಿನಿಂದ ತರಿಸಿದ ಗ್ಲುಟೆನ್ ಪುಡಿ ಸೇರಿಸಿದರೆ ಉಳಿಸಿದ ದುಡ್ಡೆಲ್ಲ ಅದಕ್ಕೇ ಹೋಗುತ್ತದೆ. ನನಗೆ ದಾರಿ ತೋರಿದ್ದು ಲಾಗೋಸಿನ ಅಗೇಗೆ ಬ್ರೆಡ್. ಅದರ ಹಿಟ್ಟನ್ನು ಕಲಸಿದ ಮೇಲೆ ಎರಡು ಉರುಳೆಗಳ ನಡುವೆ ಮಡಚಿ ಮಡಚಿ ಹಾಯಿಸುತ್ತಾರೆ. ತಿರುಳು ಒತ್ತೊತ್ತಾಗಿ, ಎಳೆದರೆ ನಾರಿನಂತೆ ಬಿಚ್ಚಿಕೊಳ್ಳುತ್ತದೆ. ಕಡಿಮೆ ಗ್ಲುಟೆನ್ ಇರುವ ಹಿಟ್ಟಿಗೆ ವೇಗದ ಮಿಕ್ಸರ್‌ಗಿಂತ ಈ ಉರುಳೆಯೇ ಸರಿ, ಏಕೆಂದರೆ ಇರುವಷ್ಟು ಗ್ಲುಟೆನ್ ಹರಿಯದೆ ಒಂದೇ ದಿಕ್ಕಿಗೆ ಹಾಸಿಕೊಳ್ಳುತ್ತದೆ. ಗಾತ್ರದ ಬ್ರೆಡ್ ಮಾಡಲು ಹೊರಟವರು ಶೇ. 10ಕ್ಕೇ ನಿಂತರು; ಒತ್ತಾದ ಬ್ರೆಡ್ ಆರಿಸಿಕೊಂಡ ನಾನು ಶೇ. 20 ತಲುಪಿದೆ. ನೀರನ್ನು ಪ್ರತಿ ಚೀಲಕ್ಕೂ ಹೊಸದಾಗಿ ನೋಡುತ್ತೇನೆ, ಬೀಸುವಾಗ ಬಿಸಿಯಾದ ಹಿಟ್ಟು ಹೆಚ್ಚು ನೀರು ಕುಡಿಯುತ್ತದೆ. ಓವನ್ ಕಾವು ಮಾಮೂಲಿಗಿಂತ ಸ್ವಲ್ಪ ಕಡಿಮೆ, ಹೊತ್ತು ಸ್ವಲ್ಪ ಹೆಚ್ಚು. ಪೂರ್ತಿ ಆರುವ ಮೊದಲು ಕತ್ತರಿಸಿದರೆ ತಿರುಳು ಚಾಕುವಿಗೆ ಅಂಟುತ್ತದೆ. ಉರುಳೆಯಲ್ಲಿ ಎಷ್ಟು ಸಲ ಹಾಯಿಸುತ್ತೇವೆ, ಮಧ್ಯೆ ಎಷ್ಟು ಹೊತ್ತು ಬಿಡುತ್ತೇವೆ ಎಂಬುದು ನಮ್ಮ ಬೇಕರಿಯಲ್ಲೇ ಇರಲಿ.

ಮಾರಾಟಕ್ಕೆ ಪೋಸ್ಟರು, ರೇಡಿಯೋ ಎಲ್ಲ ಆಮೇಲೆ. ಮೊದಲು ಹೋದದ್ದು ಎವಾ ಅಗೋಯಿನ್ ಮಾರುವ ಹೆಂಗಸರ ಬಳಿಗೆ. ಬೆಂದ ಅಲಸಂದೆಯನ್ನು ಹಿಸುಕಿ, ಕರಿದ ಮೆಣಸಿನಕಾಯಿಯ ಎಣ್ಣೆಗೊಜ್ಜು ಸುರಿದು ಕೊಡುವ ತಿಂಡಿ ಅದು. ಬ್ರೆಡ್ ಹರಿದು ಅದರಲ್ಲಿ ಅದ್ದಿ ತಿನ್ನುತ್ತಾರೆ. ಅದ್ದಿದ ತುಂಡು ಗೊಜ್ಜಿನಲ್ಲಿ ಪುಡಿಯಾದರೆ ಆ ಬ್ರೆಡ್ ಮರುದಿನ ಆ ಗಾಡಿಯಲ್ಲಿ ಇರುವುದಿಲ್ಲ. ನಮ್ಮ ಪಾಲುದಾರರಾದ ಅಲ್ಹಾಜಾ ಅವರು ಬೊಡಿಜಾ ಮಾರುಕಟ್ಟೆಯಲ್ಲಿ ಬೆಳೆದವರು. ಅವರು ಬೆಳಗಿನ ಹೊತ್ತು ಗಾಡಿಗಳ ಪಕ್ಕ ನಿಂತು ಜನ ಹರಿಯುವ ಕೈಯನ್ನೇ ನೋಡುತ್ತಿದ್ದರು. “ಓಗಾ (ಯಜಮಾನರೇ), ಇವರು ಬಾಯಿಂದ ಚೆನ್ನಾಗಿದೆ ಅನ್ನುತ್ತಾರೆ, ಬೆರಳು ಬೇರೆ ಹೇಳುತ್ತಿದೆ” ಎಂದು ಅವರು ಹೇಳಿದ ಮೇಲೆಯೇ ನಾನು ಶೇ. 25ರಿಂದ 20ಕ್ಕೆ ಇಳಿದದ್ದು. ಪೊಟ್ಟಣದ ಮೇಲೆ ಮರಗೆಣಸಿನ ಹೆಸರನ್ನು ನಾವು ಮೊದಲಿನಿಂದಲೂ ಮುಚ್ಚಿಡಲಿಲ್ಲ.

ಹಸಿ ಮರಗೆಣಸಿನಲ್ಲಿ ಸಹಜವಾಗಿಯೇ ಇರುವ ವಿಷದ ಭಯ ಮಾತ್ರ ನಿಜವಾದ ಪ್ರಶ್ನೆ, ಅದಕ್ಕೆ ಉತ್ತರ ಕೊಡಲೇಬೇಕು. ಕೋಡೆಕ್ಸ್ ಎಂಬ ಅಂತರರಾಷ್ಟ್ರೀಯ ಆಹಾರ ಮಾನದಂಡದ ಪ್ರಕಾರ ತಿನ್ನುವ ಮರಗೆಣಸಿನ ಹಿಟ್ಟಿನಲ್ಲಿ ಸಯನೈಡ್ ಅಂಶ ಕಿಲೋಗೆ 10 ಮಿಲಿಗ್ರಾಂ ಮೀರಬಾರದು. ನಯವಾಗಿ ತುರಿದಾಗ ಗೆಡ್ಡೆಯೊಳಗಿನ ಕಿಣ್ವವೇ ವಿಷಾಂಶವನ್ನು ಒಡೆಯುತ್ತದೆ, ಹಿಂಡುವಾಗ ಮತ್ತು ಒಣಗಿಸುವಾಗ ಅದು ಹೊರಹೋಗುತ್ತದೆ. ದಪ್ಪ ತುರಿ ಮಾಡಿ ಅವಸರದಲ್ಲಿ ಒಣಗಿಸಿದರೆ ಉಳಿಯುತ್ತದೆ. ಸಯನೈಡ್ ತಾಗಿದರೆ ಬಣ್ಣ ಬದಲಿಸುವ ಪಿಕ್ರೇಟ್ ಕಾಗದವನ್ನು ಮುಚ್ಚಳದ ಸಣ್ಣ ಸೀಸೆಯಲ್ಲಿ ಹಿಟ್ಟಿನ ಮೇಲೆ ತೂಗುಬಿಟ್ಟು ಒಂದು ದಿನ ಇಡುತ್ತೇವೆ. ಹಳದಿ ಹಾಗೇ ಉಳಿದರೆ ಸರಿ, ಕಂದು ಬಣ್ಣಕ್ಕೆ ತಿರುಗಿದರೆ ಆ ಚೀಲ ಬೇಕರಿಯೊಳಗೆ ಬರುವುದಿಲ್ಲ. ಸಂಶಯ ಪಡುವ ವ್ಯಾಪಾರಿಗೆ ಆ ಸೀಸೆಯನ್ನೇ ಕೈಗೆ ಕೊಡುತ್ತೇನೆ.

ನಡುನಡುವೆ ಬೇರೆ ಪ್ರಯೋಗಗಳೂ ನಡೆದವು. 1950ರ ದಶಕದಲ್ಲಿ ಸಿಎಫ್‌ಟಿಆರ್‌ಐಯಲ್ಲಿ ಮರಗೆಣಸಿನ ಹಿಟ್ಟಿಗೆ ಕಡಲೆಕಾಯಿ ಹಿಟ್ಟು ಸೇರಿಸಿದ ಮಿಶ್ರಣ ಮಾಡಿದ್ದರೆಂದು ನಮ್ಮ ಮೇಷ್ಟರು ಹೇಳುತ್ತಿದ್ದ ನೆನಪಿನಿಂದ, ಎಣ್ಣೆ ತೆಗೆದ ಕಡಲೆಕಾಯಿ ಹಿಟ್ಟು ಬೆರೆಸಿ ನೋಡಿದೆ. ಬಣ್ಣವೂ ಪರಿಮಳವೂ ಬಹಳ ಚೆನ್ನಾಗಿ ಬಂತು, ಪ್ರೋಟೀನ್ ಕೊರತೆಯೂ ನೀಗುತ್ತಿತ್ತು. ಆದರೆ ಕಡಲೆಕಾಯಿಯಲ್ಲಿ ಬೂಷ್ಟಿನ ವಿಷವಾದ ಅಫ್ಲಾಟಾಕ್ಸಿನ್ ಪರೀಕ್ಷೆಯ ಖರ್ಚೂ ಅಲರ್ಜಿಯ ಎಚ್ಚರಿಕೆಯೂ ಸೇರಿ ರಫ್ತಿಗೆ ಒಗ್ಗಲಿಲ್ಲ. ಇಸಬ್ಗೋಲ್ ಹಾಕಿ ಗೋಧಿಯೇ ಇಲ್ಲದ ಬ್ರೆಡ್ ಕೂಡ ಮಾಡಿದೆ, ಅದು ನಿಜಕ್ಕೂ ಸೊಗಸಾಗಿ ಬಂತು. ಆದರೆ ಗ್ಲುಟೆನ್‌ರಹಿತ ಎಂದು ಬರೆಯಬೇಕಾದರೆ ಕಿಲೋಗೆ 20 ಮಿಲಿಗ್ರಾಂ ಒಳಗಿರಬೇಕು; ಗಾಳಿಯಲ್ಲೇ ಮೈದಾ ಹಾರಾಡುವ ನಮ್ಮ ಕಟ್ಟಡದಲ್ಲಿ ಅದು ಆಗದು. ಅದಕ್ಕೆ ಬೇರೆಯೇ ಕಟ್ಟಡ ಬೇಕು, ದುಡ್ಡು ಕೂಡಿದಾಗ ಕಟ್ಟಿಸುವವನಿದ್ದೇನೆ.

ರಫ್ತಿನ ಮಾತು ಶುರುವಾದಾಗ ಎಲ್ಲರ ತಲೆಯಲ್ಲಿದ್ದದ್ದು ಬ್ರೆಡ್. ಇಬಾದಾನ್‌ನಿಂದ ಲಾಗೋಸ್ ಮೂಲಕ ಕೊಟೊನು ಸುಮಾರು 250 ಕಿಲೋಮೀಟರ್ ಇರಬಹುದು, ಆದರೆ ಬೆನಿನ್ ಕಡೆಗಿನ ಸೆಮೆ ಗಡಿಯ ಸಾಲು, ಕರಾವಳಿಯ ಸೆಖೆ ಎರಡೂ ಸೇರಿದರೆ ಬ್ರೆಡ್ ಅಂಗಡಿ ಸೇರುವಷ್ಟರಲ್ಲಿ ಬೂಷ್ಟು ಹಿಡಿಯುತ್ತಿತ್ತು. ಕಳುಹಿಸಿದ ಸರಕಿನಲ್ಲಿ ಅರ್ಧಕ್ಕೂ ಹೆಚ್ಚು ಹಾಳಾಗಿ, ಬಾಡಿಗೆಯೂ ಹುಟ್ಟದೆ ಹೋದದ್ದುಂಟು. ರಸ್ಕ್ ಮಾಡೋಣವೆಂದಾಗ ಇಲ್ಲಿಯವರು ಮೂಗು ಮುರಿದರು, ಏಕೆಂದರೆ ನೈಜೀರಿಯಾದಲ್ಲಿ ಮೆತ್ತನೆಯ ಬ್ರೆಡ್ಡಿಗೆ ಇರುವ ಮರ್ಯಾದೆ ರಸ್ಕಿಗಿಲ್ಲ. ಆದರೆ ಫ್ರೆಂಚ್ ಮಾತಾಡುವ ನೆರೆದೇಶಗಳಲ್ಲಿ ಬಿಸ್ಕಾಟ್ ಎಂದು ಅದನ್ನೇ ಕಾಫಿಗೆ ಅದ್ದಿ ತಿನ್ನುತ್ತಾರೆ. ಅಯ್ಯಂಗಾರ್ ಬೇಕರಿಯ ರಸ್ಕ್ ತಿಂದು ಬೆಳೆದ ನನಗೆ ಅದನ್ನು ಯಾರೂ ಕಲಿಸಬೇಕಾಗಿರಲಿಲ್ಲ. ಎರಡನೆಯ ಸಲ ಸುಡುವಾಗ ತೇವಾಂಶ ಶೇ. 4ರ ಆಸುಪಾಸಿಗೆ ಇಳಿಯುತ್ತದೆ, ಬೂಷ್ಟಿನ ಪ್ರಶ್ನೆಯೇ ಇಲ್ಲ. ಬ್ರೆಡ್ಡಿನಲ್ಲಿ ದೋಷವೆನಿಸಿದ್ದ ಮರಗೆಣಸಿನ ಬಿರುಸು ರಸ್ಕಿನಲ್ಲಿ ಗರಿಗರಿಯಾಗುತ್ತದೆ. ಶೇ. 40ಕ್ಕೆ ಧೈರ್ಯವಾಗಿ ಹೋದದ್ದು ಅದಕ್ಕೇ. ಉಳಿದ ತೊಂದರೆ ಎರಡೇ: ದಾರಿಯಲ್ಲಿ ಹಲವು ಸಲ ಇಳಿಸಿ ಏರಿಸುವಾಗ ಒಡೆಯುವುದು, ಮತ್ತು ಗಾಳಿ ತಾಗಿ ಮೆತ್ತಗಾಗುವುದು. ತೆಳು ಪ್ಲಾಸ್ಟಿಕ್ ಬಿಟ್ಟು ಲೋಹದ ಲೇಪವಿರುವ ಹಾಳೆಗೆ ಬದಲಾದ ಮೇಲೆ, ತುಂಡುಗಳನ್ನು ಮಲಗಿಸದೆ ನಿಲ್ಲಿಸಿ ಜೋಡಿಸಿದ ಮೇಲೆ, ಒಡೆಯುವುದು ನೂರಕ್ಕೆ ಹದಿನೈದರಿಂದ ಮೂರು ನಾಲ್ಕಕ್ಕೆ ಇಳಿಯಿತು.

ಕಾಗದಪತ್ರದ ಕೆಲಸ ನಿಧಾನ, ಆದರೆ ಮಾಡಿದರೆ ಫಲವಿದೆ. ನೈಜೀರಿಯಾದ ಆಹಾರ ಮತ್ತು ಔಷಧ ನಿಯಂತ್ರಣ ಸಂಸ್ಥೆಯಾದ ನಾಫ್‌ಡ್ಯಾಕ್ ನೋಂದಣಿ, ರಫ್ತು ಉತ್ತೇಜನ ಮಂಡಳಿಯ ನೋಂದಣಿ, ಆಮೇಲೆ ಪಶ್ಚಿಮ ಆಫ್ರಿಕಾದ ಆರ್ಥಿಕ ಒಕ್ಕೂಟವಾದ ಎಕೋವಾಸ್ ದೇಶಗಳ ನಡುವಿನ ಸುಂಕರಹಿತ ವ್ಯಾಪಾರ ಯೋಜನೆ. ಗೋಧಿ ಹೊರದೇಶದ್ದಾದ್ದರಿಂದ ನಮ್ಮ ಸರಕು ಈ ಯೋಜನೆಗೆ ಸೇರುವುದಿಲ್ಲವೆಂದು ಒಬ್ಬ ಏಜೆಂಟ್ ಹೇಳಿ ಬಹಳ ಕಾಲ ಸುಂಕ ಕಟ್ಟಿಸಿದರು. ನಿಯಮದಲ್ಲಿ ಶೇ. 30ರಷ್ಟು ಮೌಲ್ಯವರ್ಧನೆ ಇದ್ದರೆ ಸಾಕು. ಖರ್ಚಿನ ಲೆಕ್ಕ ಬರೆದು ತೋರಿಸಿದಾಗ ನಮ್ಮದು ಅದನ್ನು ಸಲೀಸಾಗಿ ದಾಟಿತ್ತು. ಸುಂಕದ ಪಟ್ಟಿಯಲ್ಲಿ ರಸ್ಕಿಗೆ 1905.40 ಎಂಬ ಪ್ರತ್ಯೇಕ ಸಂಖ್ಯೆ ಇದೆ, ಅದನ್ನೇ ಬರೆಯಬೇಕು. ಬರೀ ಬ್ರೆಡ್ ಎಂದು ಬರೆದರೆ ಗಡಿಯಲ್ಲಿ ಪ್ರಶ್ನೆಗಳು ಏಳುತ್ತವೆ. ಪೊಟ್ಟಣದ ಮೇಲೆ ಫ್ರೆಂಚ್ ಬರಹವನ್ನು ಮೊದಲೇ ಅಚ್ಚು ಹಾಕಿಸಿ, ಚೀಟಿ ಅಂಟಿಸಬೇಡಿ. 2019ರ ಆಗಸ್ಟಿನಿಂದ 2020ರ ಡಿಸೆಂಬರ್‌ವರೆಗೆ ಭೂಗಡಿ ಮುಚ್ಚಿದ್ದಾಗ ನಾವು ಅಚ್ಚು ಹಾಕಿಸಿದ್ದ ಪೊಟ್ಟಣಗಳು ಗೋದಾಮಿನಲ್ಲೇ ಕುಳಿತವು, ಆ ಸಾಲ ತೀರಲು ಇನ್ನೆರಡು ವರ್ಷ ಬೇಕಾಯಿತು.

ಲಾಭ ನಿಜವಾಗಿ ಕಂಡದ್ದು 2023ರ ಜೂನ್ ನಂತರ. ನೈರಾದ ದರವನ್ನು ಮಾರುಕಟ್ಟೆಗೆ ಬಿಟ್ಟ ಮೇಲೆ ಅದು ಕುಸಿಯುತ್ತಾ ಹೋಯಿತು, ಬೆನಿನ್, ಟೋಗೋಗಳ ಹಣವಾದ ಸಿಎಫ್‌ಎ ಫ್ರಾಂಕ್ ಯೂರೋಗೆ ಕಟ್ಟಿಕೊಂಡಿರುವುದರಿಂದ ಅಲುಗಲಿಲ್ಲ. ಮೊದಲು ಒಂದು ಫ್ರಾಂಕಿಗೆ ಮುಕ್ಕಾಲು ನೈರಾ ಬರುತ್ತಿದ್ದದ್ದು ಮುಂದಿನ ವರ್ಷ ಎರಡೂವರೆಯ ಹತ್ತಿರ ಬಂತು. ನಮ್ಮ ಗೆಡ್ಡೆ, ಚಿಪ್ಪು, ಕೂಲಿ ಎಲ್ಲವೂ ನೈರಾದಲ್ಲಿ, ಮಾರಾಟ ಫ್ರಾಂಕಿನಲ್ಲಿ. ಗೋಧಿ ಮಾತ್ರ ಡಾಲರಿನ ಜೊತೆ ಏರಿತು. ಮರಗೆಣಸಿನ ಪಾಲು ಹೆಚ್ಚಿದ್ದಷ್ಟೂ ಆ ಏರಿಕೆ ನಮಗೆ ಕಡಿಮೆ ತಾಗಿತು. ಎಲ್ಲ ಖರ್ಚು ಕಳೆದು ರಸ್ಕಿನಲ್ಲಿ ನೂರಕ್ಕೆ ಹದಿನೆಂಟು ಇಪ್ಪತ್ತು ಉಳಿಯುತ್ತದೆ, ಊರಿನ ಬ್ರೆಡ್ಡಿನಲ್ಲಿ ಏಳೆಂಟು ಉಳಿದರೆ ಹೆಚ್ಚು.

ಕೊಟೊನುವಿನ ಡಾಂಟೊಕ್ಪಾ ಮಾರುಕಟ್ಟೆಯಲ್ಲಿ ಉದ್ರಿ ಕೇಳುವವರೇ ಹೆಚ್ಚು. ನಾನು ಅರ್ಧ ಮುಂಗಡ, ಉಳಿದರ್ಧ ಸರಕು ಇಳಿಸುವಾಗ ಎಂಬ ಕರಾರನ್ನು ಸಡಿಲಿಸಿಲ್ಲ, ಲೋಮೆಯ ಖರೀದಿದಾರರೂ ಅದಕ್ಕೆ ಒಪ್ಪಿದ್ದಾರೆ. ಅವರು ಈಗ ಸಕ್ಕರೆ ಕಡಿಮೆ ಇರುವ, ಶೇ. 50ರಷ್ಟು ಮರಗೆಣಸಿನ ರಸ್ಕ್ ಕೇಳಿದ್ದಾರೆ. ಅದರ ಮಾದರಿಗಳು ಹಾಳೆಯಲ್ಲಿ ಮುಚ್ಚಿ ಗೋದಾಮಿನ ಅತಿ ತೇವದ ಮೂಲೆಯಲ್ಲಿ ಇಟ್ಟಿವೆ, ಮಳೆಗಾಲ ಮುಗಿದ ಮೇಲೆ ತೆರೆದು ನೋಡಿ ದರ ಹೇಳುತ್ತೇನೆ.