ಆಟಿ ತಿಂಗಳ ಮಳೆಯಲ್ಲಿ ಹೆರಿಗೆಗೆ ಸಿದ್ಧತೆ: ನನ್ನ ಅನುಭವ

ಗರ್ಭಿಣಿಯಾಗಿದ್ದಾಗ ನನಗೆ ಮಧುಮೇಹ ಬಂದಿರುವುದು ತಿಳಿದದ್ದು 26ನೇ ವಾರದಲ್ಲಿ. 75 ಗ್ರಾಂ ಗ್ಲೂಕೋಸ್ ಬೆರೆಸಿದ ನೀರು ಕುಡಿದ ಎರಡು ಗಂಟೆಯ ನಂತರ ರಕ್ತದ ಸಕ್ಕರೆ 162 ಇತ್ತು; ಅದು 140 ಅಥವಾ ಅದಕ್ಕಿಂತ ಹೆಚ್ಚಿದ್ದರೆ ಗರ್ಭಾವಸ್ಥೆಯ ಮಧುಮೇಹವೆಂದು ಪರಿಗಣಿಸುತ್ತಾರೆ. ಅಂದಿನಿಂದ ನೋಟ್‌ಪುಸ್ತಕವೊಂದರಲ್ಲಿ ದಿನಕ್ಕೆ ನಾಲ್ಕು ಬಾರಿ ಸಕ್ಕರೆಯ ಅಂಕಿ ಬರೆಯತೊಡಗಿದೆ. ಖಾಲಿ ಹೊಟ್ಟೆಯಲ್ಲಿ 95ಕ್ಕಿಂತ ಕಡಿಮೆ, ಊಟವಾದ ಎರಡು ಗಂಟೆಗೆ 120ಕ್ಕಿಂತ ಕಡಿಮೆ ಇರಬೇಕೆಂಬುದು ವೈದ್ಯರು ಕೊಟ್ಟ ಗುರಿ.

ಕೊಡಗಿನ ಸೋಮವಾರಪೇಟೆ ಕಡೆಯ ನಮ್ಮ ಮನೆಯಲ್ಲಿ ಬೆಳಿಗ್ಗೆ ಅಕ್ಕಿ ರೊಟ್ಟಿ, ರಾತ್ರಿ ಕಡುಬು ಅಥವಾ ನೂಲುಪುಟ್ಟು. ಎಲ್ಲವೂ ಅಕ್ಕಿಯೇ. ಅಕ್ಕಿಯನ್ನು ಪೂರ್ತಿ ಬಿಡುವುದು ನನ್ನಿಂದಾಗದು ಎಂದು ಗೊತ್ತಿದ್ದರಿಂದ ಎಷ್ಟು ತಿಂದರೆ ಎಷ್ಟು ಏರುತ್ತದೆಂದು ಅಳೆದು ನೋಡಿದೆ. ನಾಲ್ಕು ಕಡುಬು ತಿಂದ ರಾತ್ರಿ 151 ಬಂದರೆ, ಎರಡೇ ಕಡುಬಿನ ಜೊತೆ ಕೋಳಿ ಸಾರು ಮತ್ತು ಒಂದು ಬಟ್ಟಲು ಕಣಲೆ (ಎಳೆ ಬಿದಿರು) ಪಲ್ಯ ತಿಂದ ರಾತ್ರಿ 116 ಬಂತು. ಆಮೇಲೆ ನನ್ನ ತಟ್ಟೆಯ ಲೆಕ್ಕ ಅದೇ ಆಯಿತು.

ಅಳೆಯುವುದರಲ್ಲೂ ಎಚ್ಚರ ಬೇಕು. ಜುಲೈನ ಒಂದು ಮಧ್ಯಾಹ್ನ ಮೀಟರ್ 211 ತೋರಿಸಿದಾಗ ನನ್ನ ಎದೆ ಧಸಕ್ಕೆಂದಿತು. ಸ್ವಲ್ಪ ಹೊತ್ತಿಗೆ ಮುಂಚೆ ಮೈದುನನ ಮಗುವಿಗೆ ಹಿತ್ತಲಿನ ಕಿತ್ತಳೆ ಸುಲಿದು ಕೊಟ್ಟಿದ್ದು ನೆನಪಾಗಿ, ಬಿಸಿನೀರಿನಲ್ಲಿ ಕೈತೊಳೆದು, ಒರೆಸಿ, ಬೇರೆ ಬೆರಳಿಗೆ ಚುಚ್ಚಿದರೆ 112. ಬೆರಳ ತುದಿಗೆ ಅಂಟಿದ್ದ ರಸವೇ ಅಷ್ಟು ಏರಿಸಿತ್ತು. ಮಳೆಗಾಲದ ಚಳಿಗೆ ಮರಗಟ್ಟಿದ ಬೆರಳಿನಿಂದ ರಕ್ತವೂ ಸುಲಭವಾಗಿ ಬರುತ್ತಿರಲಿಲ್ಲವಾದ್ದರಿಂದ ಬಿಸಿನೀರು ಎರಡು ಕೆಲಸಕ್ಕೂ ಒದಗಿತು.

33ನೇ ವಾರದಲ್ಲಿ ಊಟದ ನಂತರದ ಅಂಕಿಗಳು ಸರಿಯಿದ್ದರೂ ಬೆಳಗಿನದು ಮಾತ್ರ 104, 106 ಎಂದು ಏರತೊಡಗಿತು. ನಾನು ರಾತ್ರಿಯೂಟವನ್ನು ಇನ್ನಷ್ಟು ಕಡಿಮೆ ಮಾಡಿದೆ, ಅದು ತಪ್ಪು. ಗರ್ಭಕೋಶದ ಮಾಸಿನಿಂದ ಬರುವ ಹಾರ್ಮೋನುಗಳು ಇನ್ಸುಲಿನ್ನಿನ ಕೆಲಸವನ್ನು ತಡೆಯುತ್ತವೆ ಮತ್ತು ರಾತ್ರಿಯಿಡೀ ಯಕೃತ್ತು ತಾನಾಗಿಯೇ ಸಕ್ಕರೆ ಬಿಡುತ್ತಿರುತ್ತದೆ, ಹಾಗಾಗಿ ಬೆಳಗಿನ ಅಂಕಿಯನ್ನು ಉಪವಾಸದಿಂದ ಇಳಿಸಲಾಗದು ಎಂದು ವೈದ್ಯರು ವಿವರಿಸಿ ರಾತ್ರಿಗೆ ಇನ್ಸುಲಿನ್ ಬರೆದುಕೊಟ್ಟರು. ಅದನ್ನು ಸೋಲೆಂದು ಭಾವಿಸಿ ಒಂದು ವಾರ ಕಣ್ಣೀರಿಟ್ಟಿದ್ದಕ್ಕೆ ಈಗ ಬೇಸರವಾಗುತ್ತದೆ. ಗಾಳಿಮಳೆಗೆ ಎರಡೆರಡು ದಿನ ಕರೆಂಟ್ ಇಲ್ಲದಿರುವ ಊರಿನಲ್ಲಿ ಫ್ರಿಡ್ಜಿನದೇ ಚಿಂತೆಯಿತ್ತು. ಆದರೆ ಬಳಕೆಯಲ್ಲಿರುವ ಇನ್ಸುಲಿನ್ ಪೆನ್ನನ್ನು ನಮ್ಮ ತಂಪಿನಲ್ಲಿ ನಾಲ್ಕು ವಾರ ಹೊರಗೇ ಇಡಬಹುದೆಂದು ತಿಳಿದು ನಿರಾಳವಾಯಿತು.

ಆಟಿ 18ರಂದು, ಅಂದರೆ ಆಗಸ್ಟ್ ಆರಂಭದಲ್ಲಿ, ಮನೆಯೆಲ್ಲ ಮದ್ದು ಸೊಪ್ಪಿನ ಘಮ. ಆ ಸೊಪ್ಪಿನ ರಸಕ್ಕೆ ಅಕ್ಕಿ, ಬೆಲ್ಲ ಹಾಕಿ ಮಾಡಿದ ನೇರಳೆ ಪಾಯಸವನ್ನು ನಾನು ಮುಟ್ಟಲಿಲ್ಲ. "ಒಂದು ವರ್ಷ ತಪ್ಪಿದ್ರೆ ಏನೂ ಆಗಲ್ಲ ಮಗಾ, ಬರೋ ವರ್ಷ ಎರಡು ಲೋಟ ಕುಡಿ" ಎಂದು ಅತ್ತೆಯವರೇ ನನ್ನ ತಟ್ಟೆಗೆ ಬೇಯಿಸಿದ ಮೊಟ್ಟೆ ಹಾಕಿದರು.

ಆಗ ನನಗೆ 36 ವಾರ. ರಾತ್ರಿಯೂಟದ ನಂತರ ಎಡಮಗ್ಗುಲಾಗಿ ಮಲಗಿ ಮಗುವಿನ ಚಲನೆ ಎಣಿಸುತ್ತಿದ್ದೆ. ಎರಡು ಗಂಟೆಯಲ್ಲಿ ಹತ್ತು ಬಾರಿ ಅಲುಗದಿದ್ದರೆ ಬೆಳಗಾಗುವವರೆಗೆ ಕಾಯದೆ ಆಸ್ಪತ್ರೆಗೆ ಬರಬೇಕೆಂದು ಹೇಳಿದ್ದರು. ಮರ ಬಿದ್ದು, ಬರೆ ಕುಸಿದು ರಸ್ತೆ ಮುಚ್ಚುವ ಕಾಲದಲ್ಲಿ ಅದು ಸಾಧ್ಯವೇ? 2018ರ ಆಗಸ್ಟ್‌ನ ಭೂಕುಸಿತ ನಮ್ಮಲ್ಲಿ ಯಾರಿಗೂ ಮರೆತಿಲ್ಲ. ಆದ್ದರಿಂದ 37 ವಾರ ತುಂಬುತ್ತಲೇ ತಾಯಿ ಕಾರ್ಡ್, ಮೀಟರ್, ಇನ್ಸುಲಿನ್, ಸಕ್ಕರೆ ಪುಸ್ತಕ ಹಿಡಿದು ಮಡಿಕೇರಿಯ ಚಿಕ್ಕಮ್ಮನ ಮನೆಗೆ ಹೋದೆ.

ನನ್ನನ್ನು ಹೆಚ್ಚು ಕಾಡಿದ್ದು ಹುಟ್ಟಿದ ಮೇಲಿನ ಹೊತ್ತು. ತಾಯಿಯ ಸಕ್ಕರೆಗೆ ಒಗ್ಗಿದ ಮಗುವಿನ ದೇಹ ಹೆಚ್ಚು ಇನ್ಸುಲಿನ್ ತಯಾರಿಸುತ್ತಿರುತ್ತದೆ; ಹೊಕ್ಕುಳಬಳ್ಳಿ ಕತ್ತರಿಸಿದೊಡನೆ ಸಕ್ಕರೆಯ ಸರಬರಾಜು ನಿಂತು ಅದರ ರಕ್ತದ ಸಕ್ಕರೆ ಕುಸಿಯಬಹುದು. ನನಗೆ ಬೇರೆ ತೊಡಕುಗಳಿಲ್ಲವೆಂದು ಖಚಿತಪಡಿಸಿಕೊಂಡ ವೈದ್ಯರ ಒಪ್ಪಿಗೆಯಿಂದ, ಆಗ ಕುಡಿಸಲೆಂದು ದಿನಕ್ಕೆರಡು ಬಾರಿ ಕೈಯಿಂದ ಗಿಣ್ಣುಹಾಲು (ಮೊದಲ ಎದೆಹಾಲು) ಹಿಂಡಿ ಸೂಜಿಯಿಲ್ಲದ ಸಣ್ಣ ಸಿರಿಂಜಿನಲ್ಲಿ ಹಿಡಿಯಲು ಕಲಿತೆ. ಮೊದಲ ದಿನ ಬಂದದ್ದು ಎರಡೇ ಹನಿ, ಜೇನಿನಂತೆ ಹಳದಿ. ವಾರ ಕಳೆಯುವಾಗ ಒಂದು ಮಿಲಿಲೀಟರ್ ತುಂಬತೊಡಗಿತು. ತಾರೀಖು ಬರೆದು ಫ್ರೀಜರಿನಲ್ಲಿಟ್ಟೆ.

ಇನ್ಸುಲಿನ್ ಪಡೆಯುತ್ತಿದ್ದುದರಿಂದ 39ನೇ ವಾರದಲ್ಲಿ ನೋವು ಬರಿಸಿದರು. ಹೆರಿಗೆಯುದ್ದಕ್ಕೂ ಗಂಟೆಗೊಮ್ಮೆ ನನ್ನ ಸಕ್ಕರೆ ನೋಡಿದರು. ಮಗು ಹುಟ್ಟಿದ ಕೂಡಲೇ ಇನ್ಸುಲಿನ್ ನಿಲ್ಲಿಸಿದರು. ಅರ್ಧ ಗಂಟೆಯೊಳಗೆ ಮಗಳಿಗೆ ಎದೆಹಾಲು ಕೊಟ್ಟರೂ ಎರಡನೇ ಗಂಟೆಯಲ್ಲಿ ಅವಳ ಸಕ್ಕರೆ 41 ಇತ್ತು. ಕರಗಿಸಿಟ್ಟಿದ್ದ ಗಿಣ್ಣುಹಾಲನ್ನು ಚಿಕ್ಕಮ್ಮ ಅವಳ ಕೆನ್ನೆಯ ಒಳಬದಿಗೆ ಹನಿಹನಿಯಾಗಿ ಬಿಟ್ಟರು, ಮತ್ತೆ ಎದೆಗೆ ಹಾಕಿಕೊಂಡೆ. ಮುಂದಿನ ಪರೀಕ್ಷೆಯಲ್ಲಿ 56.

ಆರು ವಾರಕ್ಕೆ ಮಗಳ ಚುಚ್ಚುಮದ್ದಿನ ದಿನವೇ ನಾನೂ ಮತ್ತೆ 75 ಗ್ರಾಂ ಗ್ಲೂಕೋಸ್ ಕುಡಿದು ಪರೀಕ್ಷಿಸಿಕೊಂಡೆ: 124. ಒಮ್ಮೆ ಹೀಗಾದವರಿಗೆ ಮುಂದೆ ಮಧುಮೇಹ ಬರುವ ಸಂಭವ ಹೆಚ್ಚಿರುವುದರಿಂದ ವರ್ಷಕ್ಕೊಮ್ಮೆ ನೋಡಿಸಬೇಕಂತೆ. ಮುಂದಿನ ಪರೀಕ್ಷೆಯ ತಿಂಗಳನ್ನು ಅದೇ ಪುಸ್ತಕದ ಕೊನೆಯ ಹಾಳೆಯಲ್ಲಿ ಬರೆದಿಟ್ಟಿದ್ದೇನೆ.