ಅಮೆರಿಕದಲ್ಲಿ ಸ್ತನ ನೋವು: ‘ಚೆಸ್ಟ್ ಪೇನ್’ ಅಂದರೆ ಒಂದು ಬಿಲ್ಲು, ‘ಡಯಾಗ್ನಾಸ್ಟಿಕ್’ ಅಂದರೆ ಇನ್ನೊಂದು

ಕನ್ನಡದಲ್ಲಿ ಎಲ್ಲವೂ ಎದೆಯೇ. ಹೊಡೆದುಕೊಳ್ಳುವುದು ಎದೆ, ಮಗುವಿಗೆ ಕುಡಿಸುವುದು ಎದೆಹಾಲು, ಧೈರ್ಯ ಇದ್ದರೆ ಎದೆಗಾರಿಕೆ. ಹಾಗಾಗಿ ಸ್ತನ ನೋಯುತ್ತಿರುವ ಹೆಂಗಸು ಮನೆಯಲ್ಲಿ ‘ಎದೆ ನೋಯ್ತಿದೆ’ ಅನ್ನುತ್ತಾಳೆ. ಗಂಡನೋ ಮಗನೋ ಕ್ಲಿನಿಕ್ಕಿಗೆ ಫೋನು ಹಚ್ಚಿ ‘ಚೆಸ್ಟ್ ಪೇನ್’ ಅನ್ನುತ್ತಾನೆ. ಅಲ್ಲಿಗೆ ಮುಗಿಯಿತು. ಆ ಕಡೆ ಕೂತ ನರ್ಸಿನ ಮುಂದೆ ಆ ಎರಡು ಪದಕ್ಕೆ ಹೃದಯಾಘಾತದ ಪ್ರಶ್ನೆಗಳು ಮಾತ್ರ ತೆರೆದುಕೊಳ್ಳುತ್ತವೆ, ‘ಕೂಡಲೇ ಎಮರ್ಜೆನ್ಸಿಗೆ ಹೋಗಿ’ ಅನ್ನುವ ಉತ್ತರ ಬರುತ್ತದೆ. ಇಸಿಜಿ, ಟ್ರೊಪೊನಿನ್ ರಕ್ತಪರೀಕ್ಷೆ, ಎಕ್ಸ್‌ರೇ ಎಲ್ಲ ಆಗಿ, ಗಂಟೆಗಟ್ಟಲೆ ಕೂತ ಮೇಲೆ ‘ಹೃದಯ ಚೆನ್ನಾಗಿದೆ, ಸ್ತನದ ವಿಷಯಕ್ಕೆ ನಿಮ್ಮ ಡಾಕ್ಟರನ್ನು ನೋಡಿ’ ಎಂದು ಕಳಿಸುತ್ತಾರೆ. ಬಿಲ್ಲು ಆಮೇಲೆ ಬರುತ್ತದೆ, ಒಂದಲ್ಲ, ಮೂರು: ಆಸ್ಪತ್ರೆಯದು, ಎಮರ್ಜೆನ್ಸಿ ಡಾಕ್ಟರದು, ಎಕ್ಸ್‌ರೇ ಓದಿದವರದು.

ಆದ್ದರಿಂದ ಮೊದಲ ವಾಕ್ಯವೇ ‘ಬ್ರೆಸ್ಟ್ ಪೇನ್’ ಆಗಿರಲಿ. ಯಾವ ಕಡೆ, ಒಂದೇ ಜಾಗವೋ ಪೂರ್ತಿಯೋ, ಎಷ್ಟು ದಿನದಿಂದ ಎಂದು ಸೇರಿಸಿ. ಇದರ ತಿರುವುಮುರುವೂ ಅಷ್ಟೇ ಮುಖ್ಯ. ಎದೆಯ ನಡುವೆ ಭಾರ, ತೋಳಿಗೋ ದವಡೆಗೋ ಹರಿಯುವ ನೋವು, ತಣ್ಣನೆ ಬೆವರು, ಉಸಿರು ಸಾಲದಿರುವುದು ಇದ್ದರೆ ಈ ಲೇಖನ ಬದಿಗಿಟ್ಟು 911 ಒತ್ತಿ. ಆಗ ಬಿಲ್ಲಿನ ಲೆಕ್ಕ ಹಾಕಬಾರದು.

ಇಂಗ್ಲಿಷ್ ಸರಾಗವಿಲ್ಲದ ಅಮ್ಮನೋ ಅತ್ತೆಯೋ ಆಗಿದ್ದರೆ ಇಂಟರ್‌ಪ್ರಿಟರ್ ಕೇಳಿ. ಸರ್ಕಾರದ ದುಡ್ಡು ಪಡೆಯುವ ಆಸ್ಪತ್ರೆ, ಕ್ಲಿನಿಕ್ಕುಗಳು ಇದನ್ನು ಪುಕ್ಕಟೆಯಾಗಿ ಒದಗಿಸಬೇಕೆಂಬುದು ಕಾನೂನು. ‘ಕನ್ನಡ’ ಅಂದರೆ ‘ಕೆನಡಾ’ ಎಂದು ಕೇಳಿಸಿಕೊಳ್ಳುವವರು ಇದ್ದಾರೆ, ಅಕ್ಷರ ಬಿಡಿಸಿ ಹೇಳಿ. ಮಗನನ್ನು ದುಭಾಷಿ ಮಾಡಬೇಡಿ. ಅವನ ಎದುರು ಅಮ್ಮ ಮೊಲೆತೊಟ್ಟಿನ ಸ್ರಾವದ ಬಗ್ಗೆ ಬಾಯಿ ಬಿಡುವುದಿಲ್ಲ, ಡಾಕ್ಟರಿಗೆ ಬೇಕಾದ ಸಂಗತಿಯೇ ಅದಾಗಿರಬಹುದು.

ನೋವಿನ ಬಗ್ಗೆ ಇಷ್ಟು ತಿಳಿದಿದ್ದರೆ ಸಾಕು. ಬೇರೇನೂ ಇಲ್ಲದೆ ಬರೀ ನೋವು ಕ್ಯಾನ್ಸರಿನ ಲಕ್ಷಣವಾಗಿರುವುದು ಅಪರೂಪ. ಮುಟ್ಟಿಗೆ ಮುಂಚೆ ಏರಿ ಮುಟ್ಟಾದ ಮೇಲೆ ಇಳಿಯುವ, ಎರಡೂ ಕಡೆ, ಹೆಚ್ಚಾಗಿ ಕಂಕುಳಿನ ಕಡೆಯ ಮೇಲ್ಭಾಗದಲ್ಲಿ ಬರುವ ನೋವು ಹಾರ್ಮೋನಿನದು. ಒಂದೇ ಜಾಗದಲ್ಲಿ ಕೂತ, ಮುಟ್ಟಿಗೆ ಸಂಬಂಧವೇ ಇಲ್ಲದ ನೋವಿನ ದಾರಿ ಬೇರೆ. ಎಷ್ಟೋ ಸಲ ಅದು ಸ್ತನದ್ದೇ ಅಲ್ಲ, ಪಕ್ಕೆಲುಬು ಮತ್ತು ಎದೆಮೂಳೆ ಕೂಡುವ ಜಾಗದ್ದು. ಬೆರಳಿಟ್ಟು ಒತ್ತಿದರೆ ಅಲ್ಲೇ ಚುಳ್ಳೆನ್ನುತ್ತದೆ. ಎರಡು ತಿಂಗಳು ಕ್ಯಾಲೆಂಡರಿನಲ್ಲಿ ನೋವಿಗೆ ಸೊನ್ನೆಯಿಂದ ಹತ್ತರವರೆಗೆ ಅಂಕ ಹಾಕಿ, ಮುಟ್ಟಿನ ದಿನಗಳನ್ನೂ ಗುರುತಿಸಿ. ಹದಿನೈದು ನಿಮಿಷದ ಭೇಟಿಯಲ್ಲಿ ಇಷ್ಟು ಉಪಯೋಗಕ್ಕೆ ಬರುವ ಕಾಗದ ಇನ್ನೊಂದಿಲ್ಲ. ಗರ್ಭನಿರೋಧಕ ಮಾತ್ರೆ, ಋತುಬಂಧದ ಹಾರ್ಮೋನು, ಸ್ಪೈರೊನೊಲ್ಯಾಕ್ಟೋನ್, ಖಿನ್ನತೆಯ ಕೆಲವು ಮಾತ್ರೆಗಳು ಈ ನೋವು ತರಬಲ್ಲವು. ಊರಿಂದ ತಂದು ನುಂಗುತ್ತಿರುವುದೂ ಸೇರಿ ಎಲ್ಲದರ ಪಟ್ಟಿ ಒಯ್ಯಿರಿ. ಹಗಲೂ ರಾತ್ರಿ ಸರಿಯಾಗಿ ಹಿಡಿದಿಡುವ ಸ್ಪೋರ್ಟ್ಸ್ ಬ್ರಾ ಮಾಡುವಷ್ಟು ಕೆಲಸವನ್ನು ವಿಟಮಿನ್ ಇ, ಪ್ರಿಮ್‌ರೋಸ್ ಎಣ್ಣೆಯ ಡಬ್ಬಿಗಳು ಮಾಡುವುದಿಲ್ಲ, ದುಡ್ಡು ಉಳಿಸಿ.

ಎರಡು ತಿಂಗಳು ಕಾಯಬಾರದ್ದೂ ಇದೆ. ಗಂಟು, ಕಂಕುಳಿನಲ್ಲಿ ಊತ, ಚರ್ಮ ಗುಳಿ ಬೀಳುವುದು ಅಥವಾ ಕಿತ್ತಳೆ ಸಿಪ್ಪೆಯಂತಾಗುವುದು, ಹೊಸದಾಗಿ ಒಳಸೇರಿದ ತೊಟ್ಟು, ರಕ್ತ ಬೆರೆತ ಸ್ರಾವ ಇವಿದ್ದರೆ ಅದೇ ವಾರ ಹೋಗಿ. ಹಾಲೂಡಿಸುವ ತಾಯಿಗೆ ಕೆಂಪಾಗಿ ಜ್ವರ ಬಂದರೆ ಅದೇ ದಿನ. ಆ್ಯಂಟಿಬಯೋಟಿಕ್ ಮುಗಿಸಿದರೂ ಕೆಂಪು ಇಳಿಯದಿದ್ದರೆ ‘ಇನ್ನೊಂದು ಕೋರ್ಸ್ ನೋಡೋಣ’ ಎನ್ನುವುದಕ್ಕೆ ಒಪ್ಪಬೇಡಿ, ಸ್ಕ್ಯಾನ್ ಮಾಡಿಸಿ ಎಂದು ಪಟ್ಟು ಹಿಡಿಯಿರಿ. ಉರಿಯೂತದ ರೂಪದಲ್ಲೇ ಬರುವ ಸ್ತನ ಕ್ಯಾನ್ಸರ್ ಒಂದಿದೆ.

ಇನ್ನು ನಮ್ಮವರು ಮತ್ತೆ ಮತ್ತೆ ಬೀಳುವ ಹೊಂಡ.

ಅಮೆರಿಕದಲ್ಲಿ ಮ್ಯಾಮೊಗ್ರಾಮ್ ಎಂಬ ಒಂದೇ ಹೆಸರಿನ ಕೆಳಗೆ ಎರಡು ಬೇರೆ ಪರೀಕ್ಷೆಗಳಿವೆ. ಯಂತ್ರ ಅದೇ, ಕೋಣೆ ಅದೇ, ಒಮ್ಮೊಮ್ಮೆ ಟೆಕ್ನಾಲಜಿಸ್ಟ್ ಕೂಡ ಅದೇ. ಒಂದು ಸ್ಕ್ರೀನಿಂಗ್: ಯಾವ ತೊಂದರೆಯೂ ಇಲ್ಲದವರಿಗೆ, ಬಿಲ್ಲಿನ ಕೋಡ್ 77067. 40 ದಾಟಿದವರಿಗೆ ಹೆಚ್ಚುಕಡಿಮೆ ಎಲ್ಲ ಇನ್ಶೂರೆನ್ಸ್ ಪ್ಲಾನಿನಲ್ಲೂ ಇದಕ್ಕೆ ಕೈಯಿಂದ ಕಾಸು ಬಿಚ್ಚಬೇಕಿಲ್ಲ. ಇನ್ನೊಂದು ಡಯಾಗ್ನಾಸ್ಟಿಕ್: ನೋವು, ಗಂಟು ಎಂದು ಬಂದವರಿಗೆ. ಒಂದು ಬದಿಗೆ 77065, ಎರಡೂ ಬದಿಗೆ 77066. ಜೊತೆಗೆ ಸಾಮಾನ್ಯವಾಗಿ ಅಲ್ಟ್ರಾಸೌಂಡ್, 76642. ಇದು ನಿಮ್ಮ ಡಿಡಕ್ಟಿಬಲ್‌ಗೆ, ಅಂದರೆ ಇನ್ಶೂರೆನ್ಸ್ ಕೊಡಲು ಶುರುಮಾಡುವ ಮುಂಚೆ ಪ್ರತಿ ವರ್ಷ ನೀವೇ ಕಟ್ಟಬೇಕಾದ ಮೊತ್ತಕ್ಕೆ, ಬೀಳುತ್ತದೆ. ಎಚ್.ಎಸ್.ಎ. (ತೆರಿಗೆ ಉಳಿಸುವ ಆರೋಗ್ಯ ಖಾತೆ) ಆಸೆಗೆ ಹೈ ಡಿಡಕ್ಟಿಬಲ್ ಪ್ಲಾನ್ ತೆಗೆದುಕೊಂಡವರು ಗಮನಿಸಿ: 2026ರಲ್ಲಿ ಅಂಥ ಪ್ಲಾನಿನ ಕನಿಷ್ಠ ಡಿಡಕ್ಟಿಬಲ್ ಒಬ್ಬರಿಗೆ 1,700 ಡಾಲರ್, ಕುಟುಂಬಕ್ಕೆ 3,400. ಜನವರಿಯಲ್ಲಿ ನೋವು ಬಂದರೆ ಪೂರ್ತಿ ಬಿಲ್ಲು ನಿಮ್ಮ ಕೈಯದೇ.

‘ಮ್ಯಾಮೊಗ್ರಾಮ್ ಫ್ರೀ’ ಎಂದು ಗೆಳತಿ ಹೇಳಿರುತ್ತಾಳೆ. ಅವಳು ಹೇಳಿದ್ದು ಸುಳ್ಳಲ್ಲ, ಅವಳಿಗೆ ನೋವಿರಲಿಲ್ಲ ಅಷ್ಟೆ. ಅದನ್ನು ನಂಬಿ ಹೊಸಬರು ನೇರವಾಗಿ ಇಮೇಜಿಂಗ್ ಸೆಂಟರಿಗೆ ಸ್ಕ್ರೀನಿಂಗ್ ಬುಕ್ ಮಾಡುತ್ತಾರೆ. ಮೂರು ವಾರ ಕಾದು ಹೋಗುತ್ತಾರೆ. ಗೌನ್ ಹಾಕಿಕೊಂಡು ಕೂತ ಮೇಲೆ ಫಾರಂ ಬರುತ್ತದೆ: ‘ನೋವು, ಗಂಟು, ಸ್ರಾವ ಇದೆಯೇ?’ ಹೌದು ಎಂದು ಗುರುತು ಹಾಕಿದ ಕೂಡಲೇ ಟೆಕ್ನಾಲಜಿಸ್ಟ್ ಪೆನ್ನು ಕೆಳಗಿಡುತ್ತಾಳೆ. ನಿಮಗೆ ಸ್ಕ್ರೀನಿಂಗ್ ಆಗುವುದಿಲ್ಲ, ಡಾಕ್ಟರಿಂದ ಡಯಾಗ್ನಾಸ್ಟಿಕ್ ಆರ್ಡರ್ ತನ್ನಿ. ಮತ್ತೆ ಡಾಕ್ಟರ ಭೇಟಿ, ಮತ್ತೆ ಸರತಿ. ನೋವಿದ್ದವರ ಒಂದೂವರೆ ತಿಂಗಳು ಹೀಗೆ ಹೋಗುತ್ತದೆ.

ಇದನ್ನು ಕೇಳಿ ಜಾಣರಾದವರು ಇನ್ನೊಂದು ಕೆಲಸ ಮಾಡುತ್ತಾರೆ: ‘ಇಲ್ಲ’ ಎಂದು ಗುರುತು ಹಾಕಿ ಫ್ರೀಯಾಗಿ ಮುಗಿಸಿಕೊಳ್ಳುತ್ತಾರೆ. ಇದನ್ನು ಮಾತ್ರ ಮಾಡಬೇಡಿ. ಸ್ಕ್ರೀನಿಂಗ್‌ನಲ್ಲಿ ಪ್ರತಿ ಬದಿಗೆ ಎರಡರಂತೆ ನಿಗದಿತ ಕೋನದ ಚಿತ್ರ ತೆಗೆದು ಮನೆಗೆ ಕಳಿಸುತ್ತಾರೆ. ಓದುವ ರೇಡಿಯಾಲಜಿಸ್ಟ್ ಆ ಹೊತ್ತಿಗೆ ಅಲ್ಲಿರಬೇಕೆಂದೇ ಇಲ್ಲ. ಡಯಾಗ್ನಾಸ್ಟಿಕ್‌ನಲ್ಲಿ ನೀವು ಬೆರಳಿಟ್ಟು ತೋರಿಸಿದ ಜಾಗದ ಮೇಲೆ ಪುಟ್ಟ ಗುರುತು ಅಂಟಿಸಿ, ಆ ಜಾಗವನ್ನೇ ಒತ್ತಿ ಹಿಡಿದು ಹೆಚ್ಚುವರಿ ಚಿತ್ರ ತೆಗೆಯುತ್ತಾರೆ. ರೇಡಿಯಾಲಜಿಸ್ಟ್ ಅಲ್ಲೇ ನೋಡಿ ಅಲ್ಟ್ರಾಸೌಂಡ್ ಬೇಕೇ ಎಂದು ಹೇಳುತ್ತಾರೆ, ಫಲಿತಾಂಶವೂ ಸಾಮಾನ್ಯವಾಗಿ ಅಂದೇ ಸಿಗುತ್ತದೆ. ನೋವಿನ ಜಾಗ ಮುಚ್ಚಿಟ್ಟು ತೆಗೆಸಿದ ‘ನಾರ್ಮಲ್’ ಎಂಬ ಪತ್ರ ಯಾವ ಸಮಾಧಾನಕ್ಕೂ ಯೋಗ್ಯವಲ್ಲ.

ನ್ಯಾಯವಾದ ದಾರಿ ಮಧ್ಯದಲ್ಲಿದೆ, ಯಾರೂ ಹೇಳುವುದಿಲ್ಲ. ಎಲ್ಲ ನೋವಿಗೂ ಡಯಾಗ್ನಾಸ್ಟಿಕ್ ಬೇಕಿಲ್ಲ. ಅಮೆರಿಕನ್ ಕಾಲೇಜ್ ಆಫ್ ರೇಡಿಯಾಲಜಿಯ ಮಾರ್ಗಸೂಚಿಯ ಪ್ರಕಾರ, ಮುಟ್ಟಿನ ಜೊತೆ ಬಂದು ಹೋಗುವ ಅಥವಾ ಸ್ತನದ ಕಾಲುಭಾಗಕ್ಕಿಂತ ಹೆಚ್ಚು ಜಾಗಕ್ಕೆ ಹರಡಿದ ನೋವಿಗೆ, ಬೇರೆ ಲಕ್ಷಣವಿಲ್ಲದಿದ್ದರೆ, ವಾಡಿಕೆಯ ಸ್ಕ್ರೀನಿಂಗ್ ಬಿಟ್ಟು ವಿಶೇಷ ಚಿತ್ರಣ ಬೇಕಾಗಿಲ್ಲ. ಒಂದೇ ಜಾಗದ, ಮುಟ್ಟಿಗೆ ಸಂಬಂಧಿಸದ ನೋವಿಗೆ ಬೇಕು: 30ರ ಒಳಗಿನವರಿಗೆ ಅಲ್ಟ್ರಾಸೌಂಡ್, 40 ದಾಟಿದವರಿಗೆ ಮ್ಯಾಮೊಗ್ರಾಮ್ ಮತ್ತು ಅಲ್ಟ್ರಾಸೌಂಡ್, ನಡುವಿನವರಿಗೆ ಡಾಕ್ಟರು ನೋಡಿ ಹೇಳಿದ್ದು. ಹಾಗಾಗಿ ಮೊದಲು ಕೈಯಿಂದ ಪರೀಕ್ಷೆ ಮಾಡಿಸಿಕೊಳ್ಳಿ. ಗೈನಕಾಲಜಿಸ್ಟ್ ಬಳಿ ಹೋಗಲು ರೆಫರಲ್ ಬೇಕಿಲ್ಲ. ಪರೀಕ್ಷೆ ಆದ ಮೇಲೆ ಒಂದೇ ಪ್ರಶ್ನೆ ಕೇಳಿ: ‘ನನ್ನ ನೋವು ಫೋಕಲ್ಲೋ (ಒಂದೇ ಜಾಗದ್ದೋ), ಡಿಫ್ಯೂಸ್ಸೋ (ಹರಡಿದ್ದೋ)?’ ಡಿಫ್ಯೂಸ್ ಎಂದು ಹೇಳಿ, ಸ್ಕ್ರೀನಿಂಗ್ ಅವಧಿಯೂ ಬಂದಿದ್ದರೆ, ಸ್ಕ್ರೀನಿಂಗ್ ಆರ್ಡರನ್ನೇ, ಅಂದರೆ ಸ್ಕ್ರೀನಿಂಗಿನ ಕಾರಣ ಸೂಚಿಸುವ ಝಡ್12.31 (Z12.31) ಕೋಡ್ ಹಾಕಿ, ಬರೆಯಬಹುದೇ ಎಂದು ಕೇಳಿ. ಫೋಕಲ್ ಎಂದರೆ ಸ್ತನ ನೋವಿನ ಕೋಡ್ ಎನ್64.4 (N64.4) ಎಂದು ಬರೆದ ಡಯಾಗ್ನಾಸ್ಟಿಕ್ ಆರ್ಡರ್, ಅದರಲ್ಲಿ ‘ಬೇಕಿದ್ದರೆ ಅಲ್ಟ್ರಾಸೌಂಡ್’ ಅನ್ನುವುದೂ ಸೇರಿರಲಿ. ಅದಿಲ್ಲದಿದ್ದರೆ ಅಲ್ಟ್ರಾಸೌಂಡಿಗೆ ಇನ್ನೊಂದು ದಿನ ಬರಬೇಕಾದೀತು. ಫಾರಂನಲ್ಲಿ ಹೇಗಿದ್ದರೂ ನಿಜವನ್ನೇ ಬರೆಯಿರಿ: ‘ಎರಡೂ ಕಡೆ, ಹರಡಿದ ನೋವು, ಇಂಥ ದಿನ ಡಾಕ್ಟರು ಪರೀಕ್ಷಿಸಿದ್ದಾರೆ.’

ಈ ಭೇಟಿಯನ್ನು ವರ್ಷದ ಫ್ರೀ ಫಿಸಿಕಲ್ (ಸಾಮಾನ್ಯ ತಪಾಸಣೆ) ಒಳಗೆ ತೂರಿಸಲು ಹೋದರೆ ಚಿಕ್ಕ ಹೊಂಡ ಇನ್ನೊಂದಿದೆ. ‘ಅಂದ ಹಾಗೆ ಇಲ್ಲಿ ನೋಯ್ತಿದೆ’ ಎಂದದ್ದಕ್ಕೆ ಪ್ರತ್ಯೇಕ ಆಫೀಸ್ ವಿಸಿಟ್ ಸೇರಿಸಿ ಬಿಲ್ಲು ಕಳಿಸುವುದು ಇಲ್ಲಿ ಮಾಮೂಲು, ತಪ್ಪೂ ಅಲ್ಲ. ಅದಕ್ಕೆ ಹೆದರಿ ನೋವು ನುಂಗಬೇಡಿ, ಬಿಲ್ಲು ಬಂದಾಗ ಬೆಚ್ಚಬೇಡಿ.

2026ರಿಂದ ಶುರುವಾಗುವ ಪ್ಲಾನ್ ವರ್ಷಗಳಲ್ಲಿ ಒಂದು ಬದಲಾವಣೆ ಇದೆ. ಸ್ಕ್ರೀನಿಂಗ್‌ನಲ್ಲಿ ಏನೋ ಕಂಡು ಮತ್ತೆ ಕರೆದರೆ, ಅದನ್ನು ಪೂರ್ತಿ ಮಾಡುವ ಹೆಚ್ಚುವರಿ ಚಿತ್ರಗಳಿಗೂ ಕೈಯಿಂದ ಕೊಡಬೇಕಿಲ್ಲ. ಆದರೆ ಅದು ಸ್ಕ್ರೀನಿಂಗ್‌ನಿಂದ ಹೊರಟ ದಾರಿಗೆ, ನೋವಿನಿಂದ ಹೊರಟ ದಾರಿಗೆ ಅಲ್ಲ. ನ್ಯೂಯಾರ್ಕ್, ಇಲಿನಾಯ್ ಮೊದಲಾದ ರಾಜ್ಯಗಳು ಡಯಾಗ್ನಾಸ್ಟಿಕ್‌ಗೂ ಕೈಯಿಂದ ಹಣ ಕೇಳಬಾರದೆಂದು ಕಾನೂನು ಮಾಡಿವೆ. ಸಂತೋಷಪಡುವ ಮುಂಚೆ ಕಂಪನಿಯ ಎಚ್.ಆರ್. ಬಳಿ ಪ್ಲಾನ್ ‘ಸೆಲ್ಫ್ ಫಂಡೆಡ್’ ಹೌದೋ ಅಲ್ಲವೋ ಕೇಳಿ. ಕಾರ್ಡಿನ ಮೇಲೆ ಇನ್ಶೂರೆನ್ಸ್ ಕಂಪನಿಯ ಹೆಸರಿದ್ದರೂ ದುಡ್ಡು ಕೊಡುವುದು ನೌಕರಿ ಕೊಟ್ಟವರೇ ಆಗಿದ್ದರೆ ರಾಜ್ಯದ ಆ ಕಾನೂನು ತಾಗುವುದಿಲ್ಲ. ದೊಡ್ಡ ಐಟಿ ಕಂಪನಿಗಳಲ್ಲಿ ಇದೇ ಹೆಚ್ಚು.

ಡಯಾಗ್ನಾಸ್ಟಿಕ್ ಮಾಡಿಸಲೇಬೇಕೆಂದಾದರೆ ಜಾಗ ಆರಿಸುವುದರಲ್ಲಿ ಹಣ ಉಳಿಯುತ್ತದೆ. ಆಸ್ಪತ್ರೆಗೆ ಸೇರಿದ ವಿಭಾಗ ‘ಫೆಸಿಲಿಟಿ ಫೀ’ ಹಾಕುತ್ತದೆ, ಬಿಡಿ ಇಮೇಜಿಂಗ್ ಸೆಂಟರ್ ಸಾಮಾನ್ಯವಾಗಿ ಅಗ್ಗ. ಫೋನಿನಲ್ಲಿ ಮೇಲಿನ ಕೋಡುಗಳನ್ನು ಓದಿ ಹೇಳಿ, ಟೆಕ್ನಿಕಲ್ (ಚಿತ್ರ ತೆಗೆಯುವುದಕ್ಕೆ) ಮತ್ತು ಪ್ರೊಫೆಷನಲ್ (ಓದುವುದಕ್ಕೆ) ಎರಡೂ ಶುಲ್ಕ ಸೇರಿಸಿ ಕೇಳಿ. 3ಡಿ ತೆಗೆದರೆ ಅದಕ್ಕೆ ಇನ್ನೊಂದು ಕೋಡ್ ಇರುತ್ತದೆ, ಅದನ್ನೂ ಬಿಡಬೇಡಿ. ಬಿಡಿ ಸೆಂಟರಿನಲ್ಲಿ ಓದುವ ರೇಡಿಯಾಲಜಿಸ್ಟೂ ನೆಟ್‌ವರ್ಕಿನಲ್ಲಿ, ಅಂದರೆ ನಿಮ್ಮ ಇನ್ಶೂರೆನ್ಸಿನ ಪಟ್ಟಿಯಲ್ಲಿ, ಇದ್ದಾರೆಯೇ ಎಂದು ಕೇಳಲೇಬೇಕು. 2022ರ ಜನವರಿಯಿಂದ ಜಾರಿಯಲ್ಲಿರುವ ‘ನೋ ಸರ್ಪ್ರೈಸಸ್’ ಕಾನೂನು ನೆಟ್‌ವರ್ಕಿನ ಆಸ್ಪತ್ರೆಯೊಳಗೆ ಪಟ್ಟಿಯಲ್ಲಿಲ್ಲದ ಡಾಕ್ಟರು ಕಳಿಸುವ ಬಿಲ್ಲಿಂದ ಕಾಪಾಡುತ್ತದೆ, ಬಿಡಿ ಸೆಂಟರುಗಳಿಗೆ ಆ ರಕ್ಷಣೆ ಚಾಚಿಲ್ಲ. ಬೆಲೆಯ ವಿಷಯದಲ್ಲಿ ಬೆಂಗಳೂರೇ ವಾಸಿ, ಅನುಮಾನವಿಲ್ಲ: ಕೌಂಟರಿನಲ್ಲಿ ಮೊತ್ತ ಹೇಳುತ್ತಾರೆ, ಸಂಜೆಗೆ ರಿಪೋರ್ಟು ಕೈಗೆ ಬರುತ್ತದೆ. ಹಳೆಯ ಚಿತ್ರದ ಜೊತೆ ಹೋಲಿಸಿ ಓದುವುದು, ಮರೆತರೂ ಬೆನ್ನುಬಿಡದೆ ಕರೆಯುವುದು, ಇದರಲ್ಲಿ ಇಲ್ಲಿನವರನ್ನು ಮೀರಿಸಲಾಗದು.

ಆ ದಿನ ಡಿಯೋಡರೆಂಟ್, ಪೌಡರ್ ಬೇಡ. ಅದರಲ್ಲಿನ ಲೋಹದ ಕಣಗಳು ಚಿತ್ರದಲ್ಲಿ ಸುಣ್ಣದ ಚುಕ್ಕೆಗಳಂತೆ ಕಾಣುತ್ತವೆ. ಸೀರೆಗಿಂತ ಮೇಲೊಂದು ಕೆಳಗೊಂದು ಬಟ್ಟೆ ಅನುಕೂಲ. ಮಾಂಗಲ್ಯ ತೆಗೆಯಬೇಕಾಗುತ್ತದೆ, ಅದಕ್ಕೊಂದು ಚಿಕ್ಕ ಚೀಲ ಇರಲಿ. ಮುಟ್ಟಾದ ಮರುವಾರ ದಿನ ತೆಗೆದುಕೊಂಡರೆ ಒತ್ತುವ ನೋವು ಕಡಿಮೆ. ಪ್ರತಿ ಒತ್ತು ಕೆಲವೇ ಸೆಕೆಂಡು, ‘ಉಸಿರು ಬಿಗಿಹಿಡಿ’ ಎಂದಾಗ ಹಿಡಿಯದಿದ್ದರೆ ಚಿತ್ರ ಕಲಸಿ ಮತ್ತೊಮ್ಮೆ ಒತ್ತುತ್ತಾರೆ.

ರಿಪೋರ್ಟು ಡಾಕ್ಟರಿಗಿಂತ ಮೊದಲು ನಿಮ್ಮ ಫೋನಿಗೆ ಬರಬಹುದು, ರಾತ್ರಿ ಹತ್ತಕ್ಕೂ. ಕೊನೆಯ ಸಾಲಿನ ಬೈ-ರಾಡ್ಸ್ (BI-RADS) ಅಂಕ, ಅಂದರೆ ಚಿತ್ರದಲ್ಲಿ ಎಷ್ಟು ಅನುಮಾನವಿದೆ ಎಂದು ಹೇಳುವ ಅಂಕ, ನೋಡಿ. 1, 2 ಅಂದರೆ ಚಿಂತೆಯಿಲ್ಲ. 3 ಅಂದರೆ ಬಹುಮಟ್ಟಿಗೆ ನಿರಪಾಯ, ಸಾಮಾನ್ಯವಾಗಿ ಆರು ತಿಂಗಳಿಗೆ ಮತ್ತೆ ನೋಡುತ್ತಾರೆ. 4, 5 ಅಂದರೆ ಬಯಾಪ್ಸಿ. 4 ಬಂದವರಲ್ಲೂ ಎಷ್ಟೋ ಜನರಿಗೆ ಕ್ಯಾನ್ಸರ್ ಇರುವುದಿಲ್ಲ. 0 ಬಂದರೆ ‘ಏನೂ ಇಲ್ಲ’ ಎಂದು ಓದಿಕೊಳ್ಳಬೇಡಿ, ಇನ್ನಷ್ಟು ಚಿತ್ರ ಬೇಕು ಎಂದು ಅರ್ಥ. ‘ಡೆನ್ಸ್’ (ಸ್ತನದ ಅಂಗಾಂಶ ದಟ್ಟವಾಗಿದೆ) ಅನ್ನುವ ಸಾಲು 2024ರ ಸೆಪ್ಟೆಂಬರಿನಿಂದ ಕಡ್ಡಾಯವಾಗಿ ತಿಳಿಸುವ ಮಾಹಿತಿ, ಅದು ಕಾಯಿಲೆಯಲ್ಲ.

ಬಿಲ್ಲು ಬಂದರೆ ಇ.ಒ.ಬಿ. (ಇನ್ಶೂರೆನ್ಸ್ ಕಳಿಸುವ ಲೆಕ್ಕದ ಹಾಳೆ) ಪಕ್ಕದಲ್ಲಿಟ್ಟು ಕೋಡ್ ತಾಳೆ ನೋಡಿ. ಸ್ಕ್ರೀನಿಂಗ್ ಆರ್ಡರಿದ್ದು 77066 ಹಾಕಿದ್ದರೆ ಮೊದಲು ಸೆಂಟರಿನ ಬಿಲ್ಲಿಂಗಿಗೆ ಕರೆ ಮಾಡಿ ತಿದ್ದಿಸಿ. ಇನ್ಶೂರೆನ್ಸ್ ನಿರಾಕರಿಸಿದ್ದರೆ ಮೇಲ್ಮನವಿಗೆ 180 ದಿನ ಇದೆ. ಲಾಭರಹಿತ ಆಸ್ಪತ್ರೆಗಳು ಹಣಕಾಸಿನ ನೆರವಿನ ಅರ್ಜಿಯನ್ನು ಮೊದಲ ಬಿಲ್ಲಿನಿಂದ 240 ದಿನಗಳವರೆಗೆ ತೆಗೆದುಕೊಳ್ಳಲೇಬೇಕು. ನಮ್ಮವರು ನಾಚಿಕೊಂಡು ಕ್ರೆಡಿಟ್ ಕಾರ್ಡಿನಲ್ಲಿ ಕಟ್ಟಿಬಿಡುತ್ತಾರೆ.

ಊರಿಂದ ಆರು ತಿಂಗಳಿಗೆ ಬರುವ ಅಮ್ಮಂದಿರ ಕಥೆ ಪೂರ್ತಿ ಬೇರೆ. ವಿಸಿಟರ್ ಇನ್ಶೂರೆನ್ಸ್ ವಾಡಿಕೆಯ ಮ್ಯಾಮೊಗ್ರಾಮಿಗೆ ಸಾಮಾನ್ಯವಾಗಿ ಕೊಡುವುದಿಲ್ಲ, ಮೊದಲೇ ಇದ್ದ ತೊಂದರೆಗೂ ಕೊಡುವುದಿಲ್ಲ. ‘ಮೂರು ತಿಂಗಳಿಂದ ನೋವು’ ಎಂದು ಡಾಕ್ಟರು ಬರೆದುಕೊಂಡರೆ, ಬಂದು ಒಂದೇ ತಿಂಗಳಾಗಿದ್ದರೆ, ಕ್ಲೇಮು ಬಿದ್ದುಹೋಗುತ್ತದೆ. ಇಲ್ಲೇ ತೋರಿಸಬೇಕಾಗಿ ಬಂದರೆ ಕೈಯಿಂದ ಕೊಡುವವರ ದರ ಕೇಳಿ, ಲಿಖಿತ ‘ಗುಡ್ ಫೇತ್ ಎಸ್ಟಿಮೇಟ್’ (ಖರ್ಚಿನ ಅಂದಾಜು) ಪಡೆಯಿರಿ. ಬಿಲ್ಲು ಅದಕ್ಕಿಂತ 400 ಡಾಲರೋ ಹೆಚ್ಚೋ ಏರಿದರೆ 120 ದಿನದೊಳಗೆ ತಕರಾರು ಹೂಡಬಹುದು. ಆದಾಯ ನೋಡಿ ಶುಲ್ಕ ಹಾಕುವ ಕಮ್ಯುನಿಟಿ ಹೆಲ್ತ್ ಸೆಂಟರುಗಳೂ ಇವೆ.

ಇದೆಲ್ಲಕ್ಕಿಂತ ಟಿಕೆಟ್ ಮಾಡಿಸುವಾಗಲೇ ‘ಅಮ್ಮಾ, ನೋವೇನಾದ್ರೂ ಇದ್ಯಾ, ಮುಚ್ಚಿಡದೆ ಹೇಳು’ ಎಂದು ಮಗಳೋ ಸೊಸೆಯೋ ಕೇಳುವುದು ಅಗ್ಗ. ಅಲ್ಲೇ ಪರೀಕ್ಷೆ ಮುಗಿಸಿ, ರಿಪೋರ್ಟಿನ ಹಾಳೆಯ ಜೊತೆಗೆ ಚಿತ್ರಗಳಿರುವ ಸಿಡಿ ಕೇಳಿ ಪಡೆಯಲಿ, ಆಸ್ಪತ್ರೆಯ ಕಂಪ್ಯೂಟರುಗಳು ತೆರೆಯಬಲ್ಲ ಡೈಕಾಮ್ (DICOM) ರೂಪದಲ್ಲಿ. ಇಲ್ಲಿನ ರೇಡಿಯಾಲಜಿಸ್ಟಿಗೆ ಹಾಳೆಯಲ್ಲಿ ಏನು ಬರೆದಿದೆ ಎನ್ನುವುದಕ್ಕಿಂತ ಹಳೆಯ ಚಿತ್ರ ಮುಖ್ಯ. ನಿಮ್ಮದೂ ಬೆಂಗಳೂರಿನಲ್ಲೋ ಹುಬ್ಬಳ್ಳಿಯಲ್ಲೋ ಬಿದ್ದಿದ್ದರೆ ಅದೇ ಚೀಲದಲ್ಲಿ ತರಿಸಿಕೊಳ್ಳಿ, ಚೆಕ್-ಇನ್ ಪೆಟ್ಟಿಗೆಯ ಉಪ್ಪಿನಕಾಯಿ ಪಕ್ಕ ಬೇಡ, ಕೈಚೀಲದಲ್ಲಿ.