ಲೋರಾದಲ್ಲಿ ಟ್ಯಾಂಕ್ ಮಟ್ಟದ ಅಂದಾಜು ಸರಿಹೋಗಿದ್ದು ಹೀಗೆ

ಪೈಪಿನಿಂದ ಒಂದಕ್ಕೊಂದು ಜೋಡಿಸಿದ 3 ನೀರಿನ ಟ್ಯಾಂಕ್. ಪ್ರತಿಯೊಂದಕ್ಕೂ ಒಂದು ನೋಡ್, ಅಂದರೆ ಪುಟ್ಟ ಸಾಧನ: ಅದರಲ್ಲಿ ಒಂದು ಸೆನ್ಸರ್, ಒಂದು ಕಾಲ್ಮನ್ ಫಿಲ್ಟರ್ (ದೋಷವಿರುವ ಅಳತೆಗಳಿಂದ ನಿಜ ಮಟ್ಟವನ್ನು ಅಂದಾಜು ಮಾಡುವ ಲೆಕ್ಕಾಚಾರ). ಪ್ರತಿ ನೋಡ್ ಮೂರೂ ಮಟ್ಟಗಳನ್ನು ಅಂದಾಜು ಮಾಡಿ ಲೋರಾದಲ್ಲಿ (ಕಡಿಮೆ ವಿದ್ಯುತ್ತಿನಲ್ಲಿ ದೂರಕ್ಕೆ ಪುಟ್ಟ ಸಂದೇಶ ಕಳಿಸುವ ರೇಡಿಯೊ) ಉಳಿದವಕ್ಕೆ ಕಳಿಸುತ್ತದೆ. ಸ್ವಲ್ಪ ಹೊತ್ತಿಗೆ ಮೂರೂ ಒಂದೇ ಉತ್ತರ ಕೊಡುತ್ತಿದ್ದವು, ಕೋವೇರಿಯನ್ಸ್ (ಅಂದಾಜು ಎಷ್ಟು ಅನಿಶ್ಚಿತ ಎಂಬುದರ ಅಳತೆ) ಸೊನ್ನೆಯ ಹತ್ತಿರ. ಆದರೆ ಕೋಲು ಇಳಿಸಿ ಅಳೆದರೆ ನೀರು ಬೇರೆಯೇ ಮಟ್ಟದಲ್ಲಿ!

ಗಾಳಿಸುದ್ದಿ ಊರು ಸುತ್ತಿ ಹೇಳಿದವರ ಕಿವಿಗೇ ಬರುತ್ತದಲ್ವಾ, ಇದೂ ಹಾಗೇ. ಒಂದನೇ ನೋಡ್‌ನ ಮಾಹಿತಿ ಉಳಿದೆರಡನ್ನು ಸುತ್ತಿ, ಹೊಸ ಸಾಕ್ಷಿಯಂತೆ ಅದಕ್ಕೇ ವಾಪಸ್ ಬರುತ್ತಿತ್ತು. ಫಿಲ್ಟರ್ ಒಂದೇ ಅಳತೆಯನ್ನು ಮತ್ತೆ ಮತ್ತೆ ಎಣಿಸುತ್ತಿತ್ತು.

ಪರಿಹಾರ ಕೋವೇರಿಯನ್ಸ್ ಇಂಟರ್‌ಸೆಕ್ಷನ್. ಜೂಲಿಯರ್ ಮತ್ತು ಉಲ್ಮನ್ 1997ರಲ್ಲಿ ಪ್ರಕಟಿಸಿದ ವಿಧಾನ. ಎರಡು ಅಂದಾಜುಗಳ ಕೋವೇರಿಯನ್ಸ್ ವಿಲೋಮಗಳನ್ನು (ವಿಲೋಮ ದೊಡ್ಡದಾದಷ್ಟೂ ವಿಶ್ವಾಸ ಹೆಚ್ಚು) ಸುಮ್ನೆ ಕೂಡಿಸುವ ಬದಲು, ಒಂದಕ್ಕೆ 0ಯಿಂದ 1ರೊಳಗಿನ ತೂಕ, ಇನ್ನೊಂದಕ್ಕೆ ಉಳಿದ ತೂಕ ಕೊಟ್ಟು ಕೂಡಿಸಬೇಕು. ಫಲಿತಾಂಶದ ಟ್ರೇಸ್ (ಕೋವೇರಿಯನ್ಸ್ ಮ್ಯಾಟ್ರಿಕ್ಸ್‌ನ ಕರ್ಣದ ಸಂಖ್ಯೆಗಳ ಮೊತ್ತ, ಅಂದರೆ ಒಟ್ಟು ಅನಿಶ್ಚಿತತೆ) ಅತಿ ಕಡಿಮೆ ಆಗುವ ತೂಕವನ್ನೇ ಆರಿಸಿದೆ. ಎರಡರ ನಡುವಿನ ಸಂಬಂಧ ಗೊತ್ತಿಲ್ಲದಿದ್ದರೂ ಇದು ಅತಿಯಾದ ವಿಶ್ವಾಸ ತೋರಿಸುವುದಿಲ್ಲ. ನನಗೆ ತುಂಬಾ ಇಷ್ಟವಾದ ಗುಣ ಇದು.

ಇನ್ನು ಸಂದೇಶದ ಗಾತ್ರ. ಸ್ಪ್ರೆಡಿಂಗ್ ಫ್ಯಾಕ್ಟರ್ 12ರಲ್ಲಿ (ಲೋರಾದ ಅತಿ ನಿಧಾನದ, ಅತಿ ದೂರ ತಲುಪುವ ಸೆಟ್ಟಿಂಗ್) 20 ಬೈಟ್ ಕಳಿಸಲು ಒಂದು ಸೆಕೆಂಡಿಗಿಂತ ಜಾಸ್ತಿ ಬೇಕು. ಕೋವೇರಿಯನ್ಸ್ 3×3ರ ಸಮಮಿತ ಮ್ಯಾಟ್ರಿಕ್ಸ್ (ಕರ್ಣದ ಎರಡೂ ಬದಿ ಅವೇ ಸಂಖ್ಯೆಗಳು), ಹಾಗಾಗಿ 9ರ ಬದಲು 6 ಸಂಖ್ಯೆ ಸಾಕು. ಮಟ್ಟ 3 ಸೇರಿಸಿ, ತಲಾ 2 ಬೈಟ್: ಒಟ್ಟು 18.

ಕಳಿಸುವುದನ್ನೂ ಕಡಿಮೆ ಮಾಡಿದೆ. ಪಕ್ಕದ ನೋಡ್ ಏನು ಊಹಿಸುತ್ತಿದೆ ಎಂಬುದರ ನಕಲನ್ನು ಪ್ರತಿ ನೋಡ್ ತಾನೂ ಓಡಿಸುತ್ತದೆ. ತನ್ನ ಅಂದಾಜಿಗೂ ಆ ನಕಲಿಗೂ ಇರುವ ವ್ಯತ್ಯಾಸ ಮಿತಿ ದಾಟಿದರೆ ಮಾತ್ರ ಸಂದೇಶ. ಪ್ಯಾಕೆಟ್ ಕಳೆದುಹೋದರೆ ನಕಲು ಹೊಂದಿಕೆಯಾಗುವುದಿಲ್ಲ, ಅದಕ್ಕೇ ಆಗಾಗ ಒಂದು ಪೂರ್ಣ ಸಂದೇಶ ಕಡ್ಡಾಯ ಮಾಡಿದ್ದೇನೆ.